ಹಳೇ ಅಕ್ಕಿಯ ರುಚಿ ಹಿಡಿಯಲು ಎಂಟು ಸೂತ್ರಗಳು

ಫ್ರಾನ್ಸಿನ ಬೋರ್ಡೋದಲ್ಲಿ ಒಳ್ಳೆಯ ವೈನನ್ನು ವರ್ಷಗಟ್ಟಲೆ ನೆಲಮಾಳಿಗೆಯಲ್ಲಿಟ್ಟು ಕಾಯುತ್ತಾರೆ. ಸಿಂಧನೂರು ಸೀಮೆಯಲ್ಲಿ ಹಾಗೆ ಕಾಯಬೇಕಾದದ್ದು ಸೋನಾ ಮಸೂರಿಗೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಜೋಳದ ಹೊಲಗಳು ಗದ್ದೆಗಳಾದವು. ಆ ಗದ್ದೆಯ ಅಕ್ಕಿ ವರ್ಷ ಕಳೆದು ತಟ್ಟೆಗೆ ಬಂದರೆ ಅದರ ಗತ್ತೇ ಬೇರೆ.

1. ಕೊಯ್ಲಿನ ತಿಂಗಳು ಕೇಳಿ. ಮುಂಗಾರಿನ ಬೆಳೆ ನವೆಂಬರ್-ಡಿಸೆಂಬರ್‌ನಲ್ಲಿ, ಬೇಸಿಗೆ ಬೆಳೆ ಏಪ್ರಿಲ್-ಮೇ ಹೊತ್ತಿಗೆ ಕೊಯ್ಲಾಗುತ್ತದೆ. ‘ಹಳೇದು ಐತ್ರಿ’ ಎಂದರೆ ಸಾಲದು, ‘ಯಾವ ಬೆಳೀದು?’ ಎಂದು ಕೇಳಿ. ಆರು ತಿಂಗಳಾಗಿದ್ದರೆ ಪರವಾಗಿಲ್ಲ, ವರ್ಷವಾಗಿದ್ದರೆ ಕಣ್ಣುಮುಚ್ಚಿ ಕೊಳ್ಳಿ.

2. ಅಂಗೈಯಲ್ಲಿ ಹಿಡಿದು ನೋಡಿ. ಹೊಸ ಅಕ್ಕಿ ಬೆಳ್ಳಗೆ, ಹಳೇದಕ್ಕೆ ತೆಳು ಕೆನೆಬಣ್ಣ. ಎರಡು ಕಾಳು ಹಲ್ಲಿಗಿಡಿ: ಹಳೇದು ಕಟ್ಟೆಂದು ಮುರಿಯುತ್ತದೆ. ಮುಗ್ಗಲು ವಾಸನೆ ಬಂದರೆ ಚೀಲ ಮುಟ್ಟಲೇಬೇಡಿ.

3. ಸ್ಟೀಮ್ ಅಕ್ಕಿಗೆ ಹಳೇ ಅಕ್ಕಿಯ ದರ ಕೊಡಬೇಡಿ. ಮಿಲ್ಲಿನಲ್ಲಿ ಭತ್ತಕ್ಕೆ ಹಬೆ ಹಾಯಿಸಿದರೆ ಹೊಸ ಅಕ್ಕಿಯ ಅನ್ನವೂ ಬಿಡಿಬಿಡಿಯಾಗುತ್ತದೆ. ಅನುಕೂಲವೇನೋ ಸರಿ, ಆ ರುಚಿ ಬರುವುದಿಲ್ಲ.

4. ಲೆಕ್ಕ ಹಾಕಿ. ಇಟ್ಟಷ್ಟೂ ಕಾಳಿನೊಳಗಿನ ಪ್ರೋಟೀನು ಬಿಗಿಯುತ್ತದೆ, ಪಿಷ್ಟ ಒಡೆಯುವ ಕಿಣ್ವಗಳ ಚುರುಕು ತಗ್ಗುತ್ತದೆ. ಬೇಯುವಾಗ ಪಿಷ್ಟ ಗಂಜಿಗೆ ಇಳಿಯುವುದು ಕಡಿಮೆ. ಕಾಳು ನೀರು ಕುಡಿದು ಉಬ್ಬುತ್ತದೆ, ಒಂದಕ್ಕೊಂದು ಅಂಟುವುದಿಲ್ಲ. ‘ಹಳೇ ಅಕ್ಕಿ ಒದಗತೈತಿ’ ಎಂದು ಹಿರಿಯರು ಹೇಳುವುದು ಇದಕ್ಕೇ. ಅದೇ ಒಂದು ಗ್ಲಾಸು ಅಕ್ಕಿಗೆ ಪಾತ್ರೆ ತುಂಬ ಅನ್ನ. ಕಿಲೋಗೆ ಕೊಟ್ಟ ಹೆಚ್ಚಿನ ದುಡ್ಡಿನಲ್ಲಿ ಒಂದಿಷ್ಟು ಅಲ್ಲೇ ವಾಪಸ್ಸಾಗುತ್ತದೆ.

5. ನೀರಿಗೆ ಜಿಪುಣತನ ಬೇಡ. ಹೊಸದಕ್ಕೆ ಒಂದೂವರೆ ಪಟ್ಟು ಸಾಕಾದರೆ ಹಳೇದಕ್ಕೆ ಎರಡರಿಂದ ಎರಡೂವರೆ. ಅರ್ಧ ತಾಸು ನೆನೆಸಿ.

6. ಮೊದಲ ತುತ್ತು ಬರೀ ಅನ್ನವೇ ಇರಲಿ. ಬೆರಳಲ್ಲಿ ಉದುರಬೇಕು, ಬಾಯಲ್ಲಿ ಮೆತ್ತಗಾಗಬೇಕು, ಅಗಿದಂತೆ ಸಣ್ಣ ಸಿಹಿ ಹತ್ತಬೇಕು. ಎರಡನೇ ತುತ್ತಿಗೆ ತುಪ್ಪ. ಸಾರು, ಪುಂಡಿಪಲ್ಯ ಆಮೇಲೆ. ಚಿತ್ರಾನ್ನಕ್ಕೂ ಹಳೇದೇ ಸೈ. ಹುಗ್ಗಿಗೆ ಮಾತ್ರ ಹೊಸ ಅಕ್ಕಿಯೇ ಮೇಲು.

7. ಜೋಳಕ್ಕೆ ಬೇರೆ ನಿಯಮ. ಲಿಂಗಸುಗೂರು, ಮಸ್ಕಿ ಕಡೆಯ ಎರೆಹೊಲದ ಊರುಗಳಲ್ಲಿ ರೊಟ್ಟಿಯೇ ದಿನದ ಊಟ. ಹಿಂದೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳ ನೆಲದೊಳಗೆ ತೋಡಿದ ಹಗೇವಿನಲ್ಲಿ ವರ್ಷಗಟ್ಟಲೆ ಉಳಿಯುತ್ತಿತ್ತು. ಹಗೇವಿನ ಬಾಯಿ ತೆಗೆದ ಕೂಡಲೇ ಒಳಗಿಳಿಯುವುದು ಅಪಾಯ, ಉಸಿರುಗಟ್ಟಿಸುವ ಗಾಳಿ ಹೊರಗೆ ಹೋಗುವವರೆಗೆ ಕಾಯಲೇಬೇಕಿತ್ತು. ಕಾಳು ಹಳೇದಾದರೂ ನಡೆದೀತು, ಹಿಟ್ಟು ಹಳೇದಾಗಬಾರದು. ಜಿಗುಟು ಹೋಗಿ, ಬಡಿಯುವಾಗಲೇ ರೊಟ್ಟಿಯ ಅಂಚು ಸೀಳುತ್ತದೆ. ವಾರಕ್ಕೆ ಬೇಕಾದಷ್ಟೇ ಬೀಸಿಸಿ.

8. ನೀವೇ ಹಳೇದು ಮಾಡಿ. ಜಾಗವಿದ್ದರೆ ಭತ್ತವನ್ನೇ ಇಡಿ, ಹೊಟ್ಟು ಕಾಳನ್ನು ಕಾಯುತ್ತದೆ. ತೇವ ಶೇ. 14 ದಾಟಬಾರದು. ಅಕ್ಕಿಯಾದರೆ ಚೀಲ ಹಲಗೆಯ ಮೇಲಿರಲಿ, ಗೋಡೆಗೆ ತಾಗದಿರಲಿ, ಒಣಗಿದ ಬೇವಿನೆಲೆ ಸೇರಿಸಿ. ತಿಂಗಳಿಗೊಮ್ಮೆ ನುಸಿ ನೋಡಿ. ಚೀಲದ ಮೇಲೆ ಕೊಯ್ಲಿನ ತಿಂಗಳು ಬರೆದು, ಈ ಡಿಸೆಂಬರಿನದನ್ನು ಮುಂದಿನ ದೀಪಾವಳಿಗೆ ಬಿಚ್ಚಿ.