ಮಳೆಗೆ ಮುನ್ನ ಮಾಡಿನ ಪರೀಕ್ಷೆ

ತೋಟದ ಮೇಲಿಡುವ ಎಚ್ಚರವನ್ನು ನಾವು ತಲೆಯ ಮೇಲಿನ ಮಾಡಿನ ಮೇಲಿಡುವುದಿಲ್ಲ. ಈ ವಿಷಯದಲ್ಲಿ ಬಯಲುನಾಡಾದ ಬಾಗಲಕೋಟೆ ಜಿಲ್ಲೆಯಿಂದ ನಾವು ಕಲಿಯಬೇಕಾದ ಪಾಠವಿದೆ.

ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ತೊಲೆ, ಜಂತಿಗಳ ಮೇಲೆ ಮಣ್ಣು ಹೊದಿಸಿರುತ್ತಾರೆ. ಸೋರಿದಾಗಲೆಲ್ಲ ಹಳೆಯದನ್ನು ತೆಗೆಯದೆ ಹೊಸ ಮಣ್ಣು ಹಾಕಿದರೆ ಭಾರ ಏರುತ್ತದೆ. ಒಂದು ಘನ ಅಡಿ ಮಣ್ಣು ಒಣಗಿದ್ದಾಗಲೇ ಸುಮಾರು 45 ಕಿಲೋ ತೂಗುತ್ತದೆ. ನೆನೆದರೆ ಇನ್ನೂ ಹೆಚ್ಚು. ಗೋಡೆಯೊಳಗೆ ತೊಲೆಯ ತುದಿಯನ್ನು ಗೆದ್ದಲು ತಿಂದಿದ್ದರೆ ಹೊರಗೆ ಕಾಣದು. ಆದ್ದರಿಂದ ಬಲ್ಲವರಿಂದಲೇ ಪರೀಕ್ಷೆ ಆಗಬೇಕು.

ಹುನಗುಂದ ತಾಲ್ಲೂಕಿನ ಐಹೊಳೆಯ ಲಾಡಖಾನ್ ಗುಡಿಯನ್ನು ನೋಡಿ. ಇಳಿಜಾರು ಚಪ್ಪಡಿಗಳ ಸಂದಿಗಳ ಮೇಲೆ ಚಾಲುಕ್ಯರ ಶಿಲ್ಪಿಗಳು ಉದ್ದನೆಯ ಕಲ್ಲುಪಟ್ಟಿ ಕೂರಿಸಿದ್ದಾರೆ. ನೀರು ನುಗ್ಗುವುದು ಸಂದಿಯಲ್ಲೇ.

ನಮ್ಮ ಹೆಂಚಿನ ಮಾಡಿಗೂ ಇದೇ ಮಾತು. ಹನಿ ಬೀಳುವ ಜಾಗವೇ ಸೋರುವ ಜಾಗವಲ್ಲ. ನೀರು ಪಕಾಸಿನ ಗುಂಟ ಹರಿದು ದೂರ ಬೀಳುತ್ತದೆ. ಏಪ್ರಿಲಿನಲ್ಲೇ ಅನುಭವಿ ಬಡಗಿಯನ್ನೋ ಇಂಜಿನಿಯರನ್ನೋ ಕರೆಸೋಣ:

1. ತೊಲೆ, ಪಕಾಸುಗಳ ತುದಿಯನ್ನು ಉಳಿಯಿಂದ ಚುಚ್ಚಿ ನೋಡಿಸುವುದು.
2. ಮಾಡಿನ ನೆತ್ತಿ, ಎರಡು ಮಾಡು ಕೂಡುವ ಮೂಲೆ ಮತ್ತು ಗೋಡೆಯ ಅಂಚುಗಳನ್ನು ನೋಡಿಸುವುದು.
3. ಒಡೆದ, ಜಾರಿದ ಹೆಂಚುಗಳನ್ನು ಗುರುತು ಹಾಕಿಸುವುದು.

ಖರ್ಚು ಒಂದು ದಿನದ ಕೂಲಿ. ಆ ತೊಲೆಯ ಕೆಳಗೆ ಮಲಗುವವರು ನಮ್ಮ ಮಕ್ಕಳು.