ಮೈಲಾರಕ್ಕೆ ಕುದುರೆ ಹತ್ತುವ ಮುಂಚೆ

ಭಾರತ ಹುಣ್ಣಿಮೆಯ ಜಾತ್ರೆಗೆ ಮಾಯಕೊಂಡದಿಂದ ಮೈಲಾರದವರೆಗೆ ಕುದುರೆ ಮೇಲೇ ಹೋಗ್ತೀನಿ ಅಂತ ನಿಮ್ಮವ್ವನ ಹತ್ರ ಹೇಳಿದ್ದೀಯಂತೆ. ಹೋಗು ತಮ್ಮಾ, ಬೇಡ ಅನ್ನೋನು ನಾನಲ್ಲ. ನಮ್ಮ ಬಯಲಿಗೆ ಕುದುರೆ ಹೊಸದೇನಲ್ಲ. 1748ರಲ್ಲಿ ಚಿತ್ರದುರ್ಗದ ಹಿರಿಯ ಮದಕರಿನಾಯಕ ಕಾದಾಡಿ ಮಡಿದದ್ದು ಇದೇ ಮಾಯಕೊಂಡದಲ್ಲಿ. ಆದರೆ ಯುದ್ಧದ ಕಥೆ ಕೇಳಿ ಬೆಳೆದ ಹುಡುಗರಿಗೆ ಕುದುರೆ ಅಂದರೆ ಓಟ ಒಂದೇ ಕಣ್ಣಮುಂದೆ ಬರುತ್ತೆ. ದೂರದ ದಾರಿಗೆ ಬೇಕಾದ್ದು ನಡಿಗೆ ಮತ್ತು ಮೇವಿನ ಲೆಕ್ಕ.

ಮೇವಿನ ಲೆಕ್ಕಕ್ಕೆ ಧೋಂಡಿಯಾ ವಾಘ್‌ನ ಕಥೆ ಕೇಳು. ಅವನು ಪಕ್ಕದ ಚನ್ನಗಿರಿಯವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಂದು ಕುದುರೆ ದಂಡು ಕಟ್ಟಿದ. ಅವನನ್ನು ಹಿಡಿಯೋಕೆ ಇಂಗ್ಲಿಷರ ದಂಡಿನ ಆರ್ಥರ್ ವೆಲ್ಲೆಸ್ಲಿ 1800ರ ಜೂನ್‌ನಲ್ಲಿ ತುಂಗಭದ್ರೆ ದಾಟಿದ್ದು ನಮ್ಮ ಹರಿಹರದಲ್ಲೇ. ಧೋಂಡಿಯಾನ ಸವಾರರು ಚುರುಕು, ವಾರಗಟ್ಟಲೆ ಕೈಗೆ ಸಿಗಲಿಲ್ಲ. ವೆಲ್ಲೆಸ್ಲಿಯ ಆಗಿನ ಪತ್ರಗಳ ತುಂಬ ಅಕ್ಕಿಯದೇ, ಎತ್ತಿನದೇ ಚಿಂತೆ. ಕೊನೆಗೆ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ ಹತ್ತಿರ ಧೋಂಡಿಯಾ ಬಿದ್ದ. ನನಗೆ ಇವತ್ತಿಗೂ ಧೋಂಡಿಯಾನ ಮೇಲೇ ಅಭಿಮಾನ, ಆ ಮಾತು ಬೇರೆ. ಮೇವಿನ ಲೆಕ್ಕ ಮಾತ್ರ ವೆಲ್ಲೆಸ್ಲಿಯಿಂದ ಕಲಿ.

ನಡಿಗೆ ಕಲಿಯೋಕೆ ಇತಿಹಾಸ ಬೇಕಿಲ್ಲ. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ನಿಲ್ಲಿಸೋಕೆ ಬರುವ ಕುರುಬರನ್ನು ನೋಡು. ಗುಡಾರ, ಪಾತ್ರೆ, ಆಗತಾನೇ ಹುಟ್ಟಿದ ಮರಿ, ಎಲ್ಲಾ ಕುದುರೆ ಮೇಲೆ. ಮನುಷ್ಯರು ಪಕ್ಕದಲ್ಲಿ ನಡೆದು. ನೀನೂ ದಿನಕ್ಕೆ 25 ಕಿಲೋಮೀಟರ್ ದಾಟಬೇಡ. ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ಲಗಾಮು ಹಿಡಿದು ನಡೆ. ಬೆಳಿಗ್ಗೆ ಹತ್ತೂವರೆಯೊಳಗೆ ಅರ್ಧಕ್ಕಿಂತ ಹೆಚ್ಚು ದಾರಿ ಮುಗಿಸು. ಷಿಫೆಲಿ ಅಂತ ಸ್ವಿಟ್ಜರ್ಲೆಂಡಿನ ಒಬ್ಬ ಮೇಷ್ಟ್ರು 1925ರಲ್ಲಿ ಅರ್ಜೆಂಟೀನಾದ ಬಯಲಿನಿಂದ ಕುದುರೆ ಮೇಲೆ ಹೊರಟು 1928ರಲ್ಲಿ ನ್ಯೂಯಾರ್ಕ್ ಮುಟ್ಟಿದರು. ಹೊರಡುವಾಗ ಅವರ ಎರಡು ಕುದುರೆಗಳಿಗೆ ಆಗಲೇ ಹದಿನೈದು, ಹದಿನಾರು ವರ್ಷ. ಆತುರ ಪಟ್ಟಿದ್ದರೆ ಆ ಮುದಿ ಕುದುರೆಗಳು ಮೊದಲ ಬೇಸಿಗೆಯನ್ನೂ ದಾಟುತ್ತಿರಲಿಲ್ಲ.

ಇನ್ನು ಹೊಟ್ಟೆಯ ಮಾತು, ಇದನ್ನು ಕಿವಿಗೊಟ್ಟು ಕೇಳು. ನಮ್ಮದು ಮೆಕ್ಕೆಜೋಳದ ಸೀಮೆ. ರಸ್ತೆ ಬದಿ ಒಣಹಾಕಿರೋದನ್ನೇ ಜನ ಪ್ರೀತಿಯಿಂದ ಬೊಗಸೆ ತುಂಬ ತಂದು ಕುದುರೆ ಬಾಯಿಗೆ ಹಿಡೀತಾರೆ. ಕೈಮುಗಿದು ಬೇಡ ಅನ್ನು. ಬೂಷ್ಟು ಹಿಡಿದ ಮೆಕ್ಕೆಜೋಳದ ವಿಷ ಕುದುರೆಯ ಮಿದುಳಿಗೇ ಹತ್ತುತ್ತೆ. ದನಕ್ಕೆ ಅಷ್ಟಾಗಿ ತಾಗೋದಿಲ್ಲ, ಅದಕ್ಕೇ ಕೊಡೋರಿಗೆ ಅದರ ಭಯ ಇಲ್ಲ. ಒಳ್ಳೇ ಕಾಳೇ ಆದರೂ ರೂಢಿಯಿಲ್ಲದ ಹೊಟ್ಟೆಗೆ ಒಮ್ಮೆಗೇ ಬಿದ್ದರೆ ಶೂಲೆ, ಗೊರಸಿನ ಬಾವು. ಕುದುರೆಗೆ ವಾಂತಿ ಮಾಡೋಕೆ ಬರಲ್ಲ ತಮ್ಮಾ, ಒಳಗೆ ಹೋದದ್ದು ಹೋಯ್ತು. ಕೊಯ್ದ ಜೋಳದ ಕೂಳೆ ಚಿಗುರಿಗೂ ಬಾಯಿ ಹಾಕಗೊಡಬೇಡ, ಅದರಲ್ಲೂ ವಿಷ ಇರುತ್ತೆ. ಮನೆಯಲ್ಲಿ ತಿನ್ನುವ ಹುರುಳಿಯನ್ನೇ ಕಟ್ಟಿಕೊಂಡು ಹೋಗು, ರಾತ್ರಿ ನೆನೆಹಾಕು, ಹುಲ್ಲು ಮೊದಲು ಕೊಟ್ಟು ಹುರುಳಿ ಆಮೇಲೆ ಕೊಡು. ನೀರು ದಿನಕ್ಕೆ 30–40 ಲೀಟರ್ ಬೇಕು. ಭದ್ರಾ ನಾಲೆ ಕಂಡಿತು ಅಂತ ಸಿಮೆಂಟಿನ ಇಳಿಜಾರಿಗೆ ಇಳಿಸಬೇಡ. ಗೊರಸು ಜಾರಿದರೆ ಮೇಲೆಳೆಯೋದು ಕಷ್ಟ. ಬಕೆಟ್ಟಿಗೆ ಹಗ್ಗ ಕಟ್ಟಿ ಸೇದಿ ಕುಡಿಸು.

ಜೀನಿನ ಅಡಿಗೆ ಸ್ಪಂಜು ಗಿಂಜು ತರಿಸಬೇಡ. ಇಂಗ್ಲಿಷರ ಸರ್ವೆಗಾರ ಬುಕಾನನ್ 1801ರಲ್ಲಿ ಬಂದಾಗ ದಾವಣಗೆರೆ ಕಂಬಳಿಗೇ ಹೆಸರಾಗಿತ್ತು. ಕುರಿ ಉಣ್ಣೆಯ ಕಂಬಳಿ ಬೆವರು ಹೀರುತ್ತೆ, ಅದನ್ನು ಮಡಿಕೆ ಬೀಳದ ಹಾಗೆ ಹಾಸು. ಸಂಜೆ ಜೀನು ಬಿಚ್ಚಿದ ಕೂಡಲೇ ಬೆನ್ನ ಮೇಲೆ ಅಂಗೈ ಆಡಿಸು. ಎಲ್ಲಾದರೂ ಬಿಸಿ, ಊತ ಸಿಕ್ಕರೆ ಮಾರನೇ ದಿನ ಸವಾರಿ ಇಲ್ಲ, ಹುಣ್ಣಿಮೆ ತಪ್ಪಿದರೂ ಸರಿ. ಲಾಳ ಹೊರಡೋ ಹಿಂದಿನ ದಿನ ಹೊಡೆಸಬೇಡ. ವಾರ ಮುಂಚೆ ಹೊಡೆಸಿದರೆ ಕುಂಟು ಏನಿದ್ದರೂ ಮನೆಯಲ್ಲೇ ಗೊತ್ತಾಗುತ್ತೆ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕುದುರೆಯ ರಕ್ತ ಪರೀಕ್ಷೆ ಮಾಡಿಸಿ ಚೀಟಿ ಇಟ್ಟುಕೋ.

ದಾರಿ ಸುಲಭ. ಹೈವೇ ಕಡೆ ಹೋಗದೆ ಎರೆಹೊಲದ ಬಂಡಿದಾರಿ ಹಿಡಿ. ಹರಿಹರದಲ್ಲಿ ಸೇತುವೆ ದಾಟೋದೇ ಬೇಡ, ಹೊಳೆಯ ಇದೇ ದಂಡೆಯಲ್ಲಿ ಹಲವಾಗಲು ಮೇಲೆ ಸಾಗಿದರೆ ಮೈಲಾರ.

ಗೊರವಯ್ಯ ಭವಿಷ್ಯ ನುಡಿಯುವ ಕಾರ್ಣಿಕದ ದಿನ, ಆ ನುಡಿ ನಡೆಯುವ ಡೆಂಕನಮರಡಿ ಹತ್ತಿರ ಕುದುರೆಯನ್ನು ಒಯ್ಯಬೇಡ. ಮೈಲಾರಲಿಂಗಪ್ಪನ ಗುಡಿಯ ಧರ್ಮಕರ್ತರು ಕುದುರೆ ಏರಿ ಬರ್ತಾರೆ ನಿಜ, ಆ ಕುದುರೆಗೆ ಆ ಗದ್ದಲ ರೂಢಿ. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅಂದಾಗ ಲಕ್ಷಾಂತರ ಜನ ಉಸಿರು ಬಿಗಿಹಿಡೀತಾರೆ, ನುಡಿ ಮುಗಿದ ಕ್ಷಣ ಒಮ್ಮೆಗೇ ಆರ್ಭಟ. ನಿನ್ನ ಕುದುರೆ ಬೆದರಿದರೆ ಎಷ್ಟು ಮಕ್ಕಳು ಕಾಲಡಿ ಬೀಳ್ತಾರೋ. ಹಿಂದಿನ ಹಳ್ಳಿಯಲ್ಲೇ ಯಾರದಾದರೂ ಹಿತ್ತಲಲ್ಲಿ ಕಟ್ಟಿ, ನಂಬಿಕಸ್ಥರೊಬ್ಬರನ್ನು ಕಾವಲಿಟ್ಟು, ನೀನು ಜಾತ್ರೆಗೆ ನಡೆದೇ ಹೋಗು.