ಹಳೇ ಜೀಪಿನ ಕರೆಂಟ್ ದೋಷ: ಹುಡುಕುವುದು ಹೇಗೆ?



ತೆರಕಣಾಂಬಿ ಕಡೆಯ ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದಾಗ ಸದಸ್ಯೆಯೊಬ್ಬರು ಆಂತರಿಕ ಸಾಲ ಕೇಳಿದರು. ಮೊತ್ತ 6,500 ರೂಪಾಯಿ, ಉದ್ದೇಶ ಜೀಪಿನ ಬ್ಯಾಟರಿ. ಅವರ ಮನೆಯವರು ಹಳೇ ಡೀಸೆಲ್ ಜೀಪಿನಲ್ಲಿ ತರಕಾರಿ, ಅರಿಶಿನ ಸಾಗಿಸುತ್ತಾರೆ. "ಬೆಳಿಗ್ಗೆ ಸೆಲ್ಫ್ ಹೊಡುದ್ರೆ ಟಕ್ ಅಂತದೆ, ಅಷ್ಟೇಯ. ಬ್ಯಾಟ್ರಿ ಹೋಗ್ಬುಟ್ಟದೆ ಅಂದ್ರು ಕನಕ್ಕ" ಎಂದರು. ನಡಾವಳಿ ಪುಸ್ತಕದ ಹಿಂದಿನ ಪುಟ ತಿರುವಿದರೆ, 14 ತಿಂಗಳ ಹಿಂದೆ ಅದೇ ಜೀಪಿನ ಬ್ಯಾಟರಿಗೆ ಸಾಲ ಕೊಟ್ಟಾಗಿದೆ. ಅದರ ಎರಡು ಕಂತು ಇನ್ನೂ ಬಾಕಿ!

ಸಂಘದವರು ಒಪ್ಪಿಗೆ ಕೊಡಲು ತಯಾರಿದ್ದರು. ನಾವು ಒಂದೇ ಮಾತು ಕೇಳಿದೆವು: ಬ್ಯಾಟರಿ ಹೋಗಿದೆ ಎಂದು ಗೊತ್ತಾದದ್ದು ಹೇಗೆ? ಯಾರೂ ಅಳೆದು ನೋಡಿರಲಿಲ್ಲ. ಸಭೆ ಮುಗಿಸಿ ಎಲ್ಲರೂ ಜೀಪಿನ ಹತ್ತಿರ ಹೋದೆವು. ನಮ್ಮ ಕಚೇರಿಯ ಜೀಪೂ ಹಳೆಯದೇ, ಅದರ ಡ್ರೈವರ್ ಅಣ್ಣನಿಂದ ಕಲಿತದ್ದನ್ನೇ ಅಲ್ಲಿ ಮಾಡಿ ನೋಡಿದೆವು.

ಮೊದಲು ಕರೆಂಟಿನ ದಾರಿ ತಿಳಿದಿರಲಿ. ಹೊಲಕ್ಕೆ ಬಿಟ್ಟ ನೀರು ಹೊಲದಲ್ಲೇ ಇಂಗುತ್ತದೆ. ಕರೆಂಟ್ ಹಾಗಲ್ಲ, ಹೋದದ್ದು ವಾಪಸ್ ಬರಲೇಬೇಕು. ಬ್ಯಾಟರಿಯ ಪ್ಲಸ್‌ನಿಂದ ಹೊರಟು ಫ್ಯೂಸ್, ಸ್ವಿಚ್, ವೈರ್ ದಾಟಿ ಬಲ್ಬಿಗೆ ಬರುತ್ತದೆ. ಅಲ್ಲಿಂದ ಮೈನಸ್‌ಗೆ ಹಿಂತಿರುಗಲು ಹೆಚ್ಚಿನ ಕಡೆ ಬೇರೆ ವೈರ್ ಇರುವುದಿಲ್ಲ. ಜೀಪಿನ ತಗಡು ಮತ್ತು ಚಾಸಿಯೇ ಆ ದಾರಿ. ಮೇಸ್ತ್ರಿಗಳು 'ಅರ್ತ್' ಅನ್ನುವುದು ಇದನ್ನೇ. ಇಂಜಿನ್ ಕೂತಿರುವುದು ರಬ್ಬರಿನ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯದು. ಆದ್ದರಿಂದ ಇಂಜಿನ್‌ಗೂ ಚಾಸಿಗೂ ನಡುವೆ ಜಡೆ ಹೆಣೆದ ಹಾಗಿರುವ ತಾಮ್ರದ ಪಟ್ಟಿ ಹಾಕಿರುತ್ತಾರೆ. ಹಳೇ ಗಾಡಿಗಳಲ್ಲಿ ತುಕ್ಕು, ಕೆಸರು, ಬಣ್ಣ ಸೇರಿಕೊಂಡು ಈ ವಾಪಸ್ ದಾರಿಯೇ ಬೇಗ ಕೆಡುತ್ತದೆ. ನಾವು ನೋಡುವುದು ಮಾತ್ರ ಹೋಗುವ ದಾರಿಯನ್ನು.

ಆ ಜೀಪಿನ ಬ್ಯಾಟರಿಗೆ ಮೀಟರ್ ಇಟ್ಟಾಗ 12.5 ವೋಲ್ಟ್ ಇತ್ತು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ತೋರಿಸುತ್ತದೆ, 12ಕ್ಕೆ ಬಂದರೆ ಬಹುಪಾಲು ಖಾಲಿ ಎಂದರ್ಥ. ಸೆಲ್ಫ್ ಹೊಡೆಸಿದೆವು. ಸೋತ ಬ್ಯಾಟರಿಯಾಗಿದ್ದರೆ ಆಗ 9.6ಕ್ಕಿಂತ ಕೆಳಗೆ ಕುಸಿಯಬೇಕಿತ್ತು. ಇದು 12ರ ಮೇಲೇ ನಿಂತಿತು. ಅಂದರೆ ಬ್ಯಾಟರಿ ಕೊಡಲು ಸಿದ್ಧವಿದೆ, ಕರೆಂಟ್ ಹರಿಯಲು ದಾರಿ ಇಲ್ಲ. ಇಂಜಿನ್ ಆಫ್ ಮಾಡಲು ಎಳೆಯುವ ಕೇಬಲ್ ಮುಟ್ಟಿದರೆ ಬೆಚ್ಚಗಿತ್ತು! ಹೆಡ್‌ಲೈಟಿನ ಒಂದು ಬಲ್ಬಿಗೆ ಸುಮಾರು 5 ಆಂಪಿಯರ್ ಸಾಕು, ಸೆಲ್ಫಿಗೆ ನೂರಕ್ಕೂ ಮೀರಿ ಬೇಕು. ತಾಮ್ರದ ಪಟ್ಟಿ ಕೆಟ್ಟಾಗ ಅಷ್ಟು ಕರೆಂಟ್ ಆ ಸಣ್ಣ ಕೇಬಲಿನಲ್ಲಿ ನುಗ್ಗಲು ನೋಡುತ್ತದೆ, ಅದಕ್ಕೇ ಬಿಸಿ. ಬ್ಯಾಟರಿಯ ಮೈನಸ್‌ನಿಂದ ಇಂಜಿನ್ನಿನ ಮೈಗೆ ನೇರವಾಗಿ ಒಂದು ದಪ್ಪ ಕೇಬಲ್ ಹಿಡಿದು ಸೆಲ್ಫ್ ಹೊಡೆಸಿದಾಗ ಜೀಪು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಕೆಳಗೆ ಬಗ್ಗಿ ನೋಡಿದರೆ ಪಟ್ಟಿಯ ಅರ್ಧ ಎಳೆಗಳು ತುಂಡಾಗಿದ್ದವು, ಬೋಲ್ಟಿಗೆ ಹಸಿರು ಕಿಲುಬು ಹಿಡಿದಿತ್ತು.

ನೀವು ನೋಡುವ ಮುಂಚೆ ಕೈಬಳೆ, ಉಂಗುರ, ಕತ್ತಿನ ಸರ ಬಿಚ್ಚಿಡಿ. ಚಿನ್ನದಲ್ಲೂ ಕರೆಂಟ್ ಚೆನ್ನಾಗಿ ಹರಿಯುತ್ತದೆ. ಪ್ಲಸ್‌ಗೂ ತಗಡಿಗೂ ನಡುವೆ ಸಿಕ್ಕಿದರೆ ಕ್ಷಣದಲ್ಲಿ ಕೆಂಪಗೆ ಕಾದು ಚರ್ಮ ಸುಡುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಚಾರ್ಜ್ ಆಗುವಾಗ ಹೊರಬರುವ ಗಾಳಿಗೆ ಬೆಂಕಿ ಹತ್ತುತ್ತದೆ, ಬೀಡಿ ಹಚ್ಚಿದವರನ್ನು ದೂರ ಕಳಿಸಿ.

ಮೀಟರ್ ಇಲ್ಲದಿದ್ದರೆ 12 ವೋಲ್ಟಿನ ಒಂದು ಸಣ್ಣ ಬಲ್ಬಿಗೆ ಎರಡು ವೈರ್ ಕಟ್ಟಿಕೊಂಡರೂ ನಡೆಯುತ್ತದೆ. ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿಯಿಂದ ದಾರಿಯಲ್ಲಿ ಒಂದೊಂದು ಕಡೆ ಮುಟ್ಟಿ. ಮೊದಲಿನಿಂದ ಕೊನೆಯವರೆಗೂ ಮುಟ್ಟುತ್ತಾ ಹೋಗಬೇಕಿಲ್ಲ. ಡ್ರಿಪ್ ಪೈಪಿನ ಕೊನೆಗೆ ನೀರು ಬರದಿದ್ದರೆ ನಾವು ನಡುವೆ ಬಿಚ್ಚಿ ನೋಡುವುದಿಲ್ಲವೇ? ಅದೇ ಥರ. ಸ್ವಿಚ್ಚಿನ ಹತ್ತಿರ ಬಲ್ಬ್ ಉರಿದರೆ ದೋಷ ಅದರಿಂದ ಮುಂದಿದೆ, ಉರಿಯದಿದ್ದರೆ ಹಿಂದಿದೆ. ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡಿ. ನಾಲ್ಕು ಸಲ ಮುಟ್ಟುವುದರಲ್ಲಿ ಜಾಗ ಸಿಗುತ್ತದೆ.

ಬ್ರೇಕ್ ತುಳಿದಾಗ ಇಂಡಿಕೇಟರ್ ಮಂಕಾಗುವುದು, ಇಂಡಿಕೇಟರ್ ಹಾಕಿದರೆ ಹಿಂದಿನ ದೀಪವೂ ಮಿಣುಕುವುದು ನೋಡಿರುತ್ತೀರಿ. ಇದಕ್ಕೆ ಹೊಸ ಬಲ್ಬ್ ಹಾಕಿ ಪ್ರಯೋಜನವಿಲ್ಲ. ಆ ದೀಪದ ಹೋಲ್ಡರಿನ ಅರ್ತ್ ಕೆಟ್ಟು, ಒಂದು ಬಲ್ಬಿನ ಕರೆಂಟ್ ಇನ್ನೊಂದರ ಮೂಲಕ ವಾಪಸ್ ಹೋಗುತ್ತಿದೆ. ಸ್ಕ್ರೂ ಬಿಚ್ಚಿ ಉಪ್ಪುಕಾಗದದಲ್ಲಿ ತಗಡು ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿ.

ಫ್ಯೂಸ್ ಪದೇ ಪದೇ ಹೋದರೆ ದಪ್ಪ ತಂತಿಯನ್ನಾಗಲಿ ಸಿಗರೇಟು ಪ್ಯಾಕಿನ ಹಾಳೆಯನ್ನಾಗಲಿ ಹಾಕಲು ಬಿಡಬೇಡಿ. ಫ್ಯೂಸಿನ ಬದಲು ವೈರಿಂಗೇ ಉರಿಯುತ್ತದೆ. ಫ್ಯೂಸ್ ಜಾಗಕ್ಕೆ 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ವೈರ್ ಕಟ್ಟಿ ಸೇರಿಸಿ, ಆ ಫ್ಯೂಸಿನ ದೀಪಗಳನ್ನೆಲ್ಲಾ ಆಫ್ ಮಾಡಿ. ಶಾರ್ಟ್ ಇರುವ ತನಕ ಬಲ್ಬ್ ಜೋರಾಗಿ ಉರಿಯುತ್ತದೆ. ಒಬ್ಬರು ಬಲ್ಬ್ ನೋಡುತ್ತಿರಲಿ, ಇನ್ನೊಬ್ಬರು ವೈರಿಂಗ್ ಅಲ್ಲಲ್ಲಿ ಅಲುಗಿಸಲಿ. ಬಲ್ಬ್ ಆರಿದ ಕಡೆ ಬಿಚ್ಚಿ ನೋಡಿ. ಹುಲ್ಲಿನ ಮೆದೆ ಪಕ್ಕ ಗಾಡಿ ನಿಲ್ಲಿಸುವವರ ಮನೆಯಲ್ಲಿ ಇಲಿ ಕಡಿದಿರುವುದೂ ಉಂಟು.

ರಾತ್ರಿ ನಿಲ್ಲಿಸಿದ ಬ್ಯಾಟರಿ ಬೆಳಿಗ್ಗೆಗೆ ಖಾಲಿಯಾದರೆ, ಕೀ ತೆಗೆದು, ಮೈನಸ್ ಬಿಚ್ಚಿ, ಟರ್ಮಿನಲ್‌ಗೂ ಕೇಬಲ್‌ಗೂ ನಡುವೆ ಅದೇ ಸಣ್ಣ ಬಲ್ಬ್ ಹಿಡಿಯಿರಿ. ರೇಡಿಯೋ, ಗಡಿಯಾರ ಇಲ್ಲದ ಹಳೇ ಜೀಪಿನಲ್ಲಿ ಅದು ಉರಿಯಲೇಬಾರದು. ಉರಿದರೆ ಫ್ಯೂಸ್ ಒಂದೊಂದಾಗಿ ಕೀಳಿ. ಯಾವುದು ಕಿತ್ತಾಗ ಆರಿತೋ ಆ ಲೈನಿನಲ್ಲಿ ಸೋರಿಕೆ. ಯಾವುದಕ್ಕೂ ಆರದಿದ್ದರೆ ಆಲ್ಟರ್ನೇಟರ್ ತೋರಿಸಿ.

ಚಾರ್ಜಿಂಗ್ ನೋಡಲು ಇಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕೀಳುವ ರೂಢಿ ಇದೆ. ಅದು ಡೈನಮೋ ಕಾಲದ್ದು. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಹಾಗೆ ಮಾಡಿದರೆ ಒಳಗಿನ ಡಯೋಡ್ ಸುಡಬಹುದು. ಮೀಟರ್ ಇಡಿ, 13.8ರಿಂದ 14.4 ಬಂದರೆ ಚಾರ್ಜಿಂಗ್ ಸರಿ ಇದೆ.

ಬಂಡೀಪುರ ದಾಟಿ ಬತ್ತೇರಿ, ಊಟಿ ಕಡೆ ಹೋಗುವವರು ಇದನ್ನು ಹೊರಡುವ ಮುಂಚೆಯೇ ನೋಡಿಕೊಳ್ಳಬೇಕು. 2009ರಲ್ಲಿ ಬಂದ ನಿರ್ಬಂಧದಂತೆ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಬಿಡುವುದಿಲ್ಲ. ಸಂಜೆ ಕಾಡಿನ ನಡುವೆ ಗಾಡಿ ನಿಂತರೆ ಇಳಿದು ತಳ್ಳುವ ಜಾಗ ಅದಲ್ಲ, ಆನೆ ಓಡಾಡುತ್ತವೆ. ತಂತಿ ಎಳೆದು ಆಫ್ ಮಾಡುವ ಹಳೇ ಡೀಸೆಲ್ ಇಂಜಿನ್ ಒಮ್ಮೆ ಸ್ಟಾರ್ಟ್ ಆದರೆ ಓಡಲು ಬ್ಯಾಟರಿ ಬೇಡ. ಅನುಮಾನವಿದ್ದರೆ ಕಾಡು ದಾಟುವ ತನಕ ಆಫ್ ಮಾಡಬೇಡಿ. ಪೆಟ್ರೋಲ್ ಜೀಪಿಗೆ ಈ ಮಾತು ಸಲ್ಲದು.

ಆ ಸಂಘದಲ್ಲಿ 6,500ರ ಅರ್ಜಿಯನ್ನು ಸದಸ್ಯೆಯೇ ವಾಪಸ್ ಪಡೆದರು. ತಾಮ್ರದ ಪಟ್ಟಿ, ಬೋಲ್ಟು, ಕೂಲಿ ಸೇರಿ 400 ರೂಪಾಯಿ ಆಯಿತು, ಅದಕ್ಕೆ ಸಾಲ ಬೇಕಾಗಲಿಲ್ಲ. ಹಿಂದಿನ ಸಲ ಬದಲಿಗೆ ಕೊಟ್ಟ ಬ್ಯಾಟರಿಯೂ ಚೆನ್ನಾಗಿತ್ತೇನೋ ಎಂದು ಅವರು ಕೇಳಿದರು. ಅದನ್ನು ಅಂಗಡಿಗೆ ಕೊಟ್ಟು ವರ್ಷ ದಾಟಿತ್ತು, ಉಳಿದ ಎರಡು ಕಂತನ್ನು ಅವರು ಕಟ್ಟುತ್ತಿದ್ದಾರೆ.